ಸಮುದ್ರದ ತೂಬು

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ, ಅರಬ್ಬೀ ಸಮುದ್ರವನ್ನು ಈಜಿ ದಾಟಿ, ಆಚೆ ದಡದಲ್ಲಿ ಕೂತು ಒಂದು ಬೀಡಿ ಸೇದಿ, ಊಟದ ಹೊತ್ತಿಗೆ ವಾಪಸು ಬಂದ ಗಂಡಸು ಅಂತ ಇದ್ದರೆ ಅದು ನಾನೊಬ್ಬನೇ.

ಸುಳ್ಳು. ನನಗೆ ಈಜು ಬರುವುದಿಲ್ಲ. ಬೀಡಿಯೂ ಸೇದುವುದಿಲ್ಲ. ಹಿತ್ತಲ ಬಾವಿಗೆ ಬಗ್ಗಿ ನೋಡಿದರೆ ತಲೆ ತಿರುಗುತ್ತದೆ. ಆದರೆ ನಾನು ಒಂದು ಸುಳ್ಳು ಹೇಳುವುದು, ಅದು ಬೆಳೆದು ದೊಡ್ಡದಾಗಿ ನನ್ನನ್ನೇ ಹುಡುಕಿಕೊಂಡು ಬಂದು ಕುತ್ತಿಗೆಪಟ್ಟಿ ಹಿಡಿಯುವುದು, ಇದು ವರ್ಷಕ್ಕೆ ನಾಲ್ಕು ಸಲವಾದರೂ ಆಗುತ್ತಲೇ ಇರುತ್ತದೆ. ನಮ್ಮಾಕೆ ಅದಕ್ಕೆ “ನಿಮ್ಮ ಫಸಲು” ಅನ್ನುತ್ತಾಳೆ. ಬಿತ್ತಿದವರೇ ಕೊಯ್ಯಬೇಕಂತೆ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ತಾಲ್ಲೂಕು ಕಚೇರಿ ಎದುರು ಮರದ ಕೆಳಗೆ ಕೂತು ಅರ್ಜಿ ಬರೆಯುವುದು. ಪಹಣಿ ತಪ್ಪು, ಖಾತೆ ತಕರಾರು, ಬದುವಿನ ಜಗಳ. ಬಂದವರ ಅರ್ಧ ಪಾವು ಕಷ್ಟವನ್ನು ಒಂದು ಸೇರು ಮಾಡಿ ಬರೆದರೇ ಸಾಹೇಬರ ಕಣ್ಣಿಗೆ ಬೀಳುವುದು. ದಿನವಿಡೀ ಹಾಗೆ ಬರೆದವನು ಮನೆಗೆ ಹೋಗಿ ನಿಜ ಹೇಳಬೇಕೆಂದರೆ ಹೇಗೆ?

ಈ ಸಮುದ್ರದ ಸುಳ್ಳು ಹುಟ್ಟಿದ್ದು ನನ್ನ ಮದುವೆ ಮಾತುಕತೆಯಲ್ಲಿ. ಹುಡುಗಿಯ ಊರು ಸೊರಬದ ಹೊಸಬಾಳೆ. ಅಲ್ಲಿಯವರ ಗದ್ದೆ, ಅನ್ನ, ಮಾನ ಎಲ್ಲ ನಿಂತಿರುವುದು ಊರ ಕೆರೆಯ ಮೇಲೆ. ಕೆರೆ ನೀರು ಹೊರಗೆ ಬಿಡುವ ತೂಬಿನ ಬಾಯಿಗೆ ಕಸ ಕಟ್ಟಿದರೆ ಯಾರಾದರೂ ಮುಳುಗಿ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಗದ್ದೆಗೆ ನೀರಿಲ್ಲ. ಹಾಗಾಗಿ ನಮ್ಮ ಮಾವ ನನ್ನ ಓದು ಕೇಳಲಿಲ್ಲ, ಜಮೀನು ಕೇಳಲಿಲ್ಲ. “ಹುಡುಗನಿಗೆ ಈಜು ಬರ್ತದಾ?” ಅಂತ ಕೇಳಿದರು. ನಾನು, “ಕೆರೆ ಏನು ಮಹಾ ಬಿಡಿ. ಮಂಗಳೂರಲ್ಲಿ ಎರಡು ವರ್ಷ ಇದ್ದೆ. ಪಟ್ಟಣದ ಹೊರಗೆ ಮನುಷ್ಯರ ಹೆಜ್ಜೆಯೇ ಬೀಳದ ಒಂದು ಕಡಲತೀರ ಇದೆ. ದಿನಾ ಬೆಳಿಗ್ಗೆ ಅಲ್ಲಿ ಸಮುದ್ರದಲ್ಲೇ ಈಜ್ತಿದ್ದೆ” ಅಂದೆ. ಆಗ ನಾನು ನೋಡಿದ ಅತಿ ದೂರದ ಊರೆಂದರೆ ಶಿವಮೊಗ್ಗ. ಮಾವ ಅಲ್ಲೇ ತಾಂಬೂಲ ಕೊಟ್ಟರು. ಅವತ್ತಿನಿಂದ ಹೊಸಬಾಳೆಯಲ್ಲಿ ನಾನು “ಸಮುದ್ರದ ಅಳಿಯಂದ್ರು”. ಪಂಕ್ತಿಯಲ್ಲಿ ಮೊದಲ ಮಣೆ, ಹೋಳಿಗೆಗೆ ಮೂರು ಸಲ ತುಪ್ಪ. ಕೆರೆ ತೂಬಿಗೆ ಮಾತ್ರ ನನ್ನನ್ನು ಕರೆಯುತ್ತಿರಲಿಲ್ಲ. ಸಮುದ್ರ ಈಜಿದವನಿಗೆ ಕೆರೆಗೆ ಇಳಿ ಅನ್ನುವುದು ಮರ್ಯಾದೆ ಅಲ್ಲವಂತೆ. ಇಪ್ಪತ್ತು ವರ್ಷ ಆ ತುಪ್ಪ ಉಂಡಿದ್ದೇನೆ. ಅದನ್ನು ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

೧. ಖಾತೆ ಆಗದ ಸಮುದ್ರ

ಸುಳ್ಳು ಅಷ್ಟು ಕಾಲ ಕೆಡದೆ ಉಳಿಯಲು ಕಾರಣ, ಮಂಗಳೂರು ಮದ್ರಾಸಿನವರ ಕೈಯಲ್ಲಿತ್ತು. ಪರರಾಜ್ಯದ ನೀರನ್ನು ಯಾರು ಹೋಗಿ ತನಿಖೆ ಮಾಡುತ್ತಾರೆ? ಆಮೇಲೆ ದೊಡ್ಡವರೆಲ್ಲ ಸೇರಿ ಕನ್ನಡದವರನ್ನು ಒಂದೇ ರಾಜ್ಯಕ್ಕೆ ತಂದರು. ಊರಲ್ಲಿ ಸಿಹಿ ಹಂಚಿದರು. ನಾನೂ ಎರಡು ಪೇಡ ತಿಂದೆ. ತಿಂದು ಕೈ ಒರೆಸಿಕೊಳ್ಳುವಾಗ ಹೊಳೆಯಿತು: ಜಿಲ್ಲೆಗಳ ಜೊತೆಗೆ ಸಮುದ್ರವೂ ಬಂದುಬಿಟ್ಟಿದೆ.

ಮುಂದಿನ ಸುಗ್ಗಿ ಮುಗಿಸಿ ಮಾವ, ಅತ್ತೆ ಗಾಡಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು.

“ಅಳಿಯಂದ್ರೇ, ಸಮುದ್ರ ಈಗ ನಮ್ಮದಂತಲ್ಲ?”

“ಹೌದು ಮಾವ. ಆದ್ರೆ ಇನ್ನೂ ಖಾತೆ ಆಗಿಲ್ಲ,” ಅಂದೆ.

“ಖಾತೆ ಆಗೋ ಮುಂಚೆನೇ ಅಲ್ದಾ ಜಮೀನು ನೋಡ್ಕಂಡು ಬರೋದು? ನಿಮ್ಮತ್ತೆಗೆ ಅಮಾವಾಸ್ಯೆ ದಿನ ಸಮುದ್ರಸ್ನಾನ ಮಾಡೋ ಹರಕೆ ಒಂದಿದೆ. ಜನರ ಕಣ್ಣೆದುರು ಅವಳು ನೀರಿಗೆ ಇಳಿಯೋಳಲ್ಲ. ನಿಮ್ಮದೊಂದು ಜಾಗ ಇದೆಯಲ್ಲ, ಮನುಷ್ಯರ ಹೆಜ್ಜೆ ಬೀಳದ್ದು, ಅಲ್ಲಿಗೇ ಹೋಗಾಣ.”

ನಾನು ನಮ್ಮಾಕೆಯ ಮುಖ ನೋಡಿದೆ. ಅವಳಿಗೆ ನಿಜ ಗೊತ್ತು. ಮದುವೆಯಾದ ಎಂಟನೇ ದಿನ ಬಾವಿಗೆ ಬಿದ್ದ ಕೊಡ ತೆಗೆದುಕೊಡಿ ಅಂದಾಗಲೇ ಗೊತ್ತಾಗಿತ್ತು. ಏನಾದರೂ ನೆಪ ಹೇಳಿ ಉಳಿಸುತ್ತಾಳೆ ಅಂತ ಕಾದೆ.

“ಹೋಗೋಣ್ರೀ,” ಅಂದಳು. “ಇಪ್ಪತ್ತು ವರ್ಷ ಸಂಸಾರ ಮಾಡಿ ನೀವು ಈಜೋದನ್ನ ಒಂದು ಸಲಾನೂ ಕಣ್ತುಂಬ ನೋಡಿಲ್ಲ ನಾನು.”

ಹೊರಗಿನವರು ಯಾರಾದರೂ ಕೇಳಿದ್ದರೆ, ಎಂಥಾ ಪತಿವ್ರತೆ ಅಂದುಕೊಳ್ಳುತ್ತಿದ್ದರು.

೨. ಗುದ್ದಲಿ

ಹೊರಡುವ ದಿನ ಮಾವ ಬಸ್ಸಿಗೆ ಗುದ್ದಲಿ ಹಿಡಿದುಕೊಂಡು ಬಂದರು.

“ಇದ್ಯಾಕೆ ಮಾವ?”

“ನೀರಿರೋ ಕಡೆ ಗುದ್ದಲಿ ಇಲ್ದೆ ಹೋಗೋದುಂಟಾ?”

ಕಂಡಕ್ಟರು ಅದನ್ನು ಮೇಲೆ ಹಾಕಿ ಅಂದ. ಮೇಲೆ ಹಾಕಿದರೆ ಯಾರಾದರೂ ಕದಿಯುತ್ತಾರೆ ಅಂತ ಮಾವ. ಕೊನೆಗೆ ಅದು ಮಾವನ ಪಕ್ಕ ನನ್ನ ಸೀಟಿನ ಮೇಲೆ ಕೂತಿತು, ನಾನು ನಿಂತುಕೊಂಡೆ. ದಾರಿಯಲ್ಲಿ ಒಂದೊಂದು ಕೆರೆ ಬಂದಾಗಲೂ ಮಾವ ಕಿಟಕಿಯಿಂದ ಅರ್ಧ ಹೊರಗೆ. “ಥೂ, ಏರಿ ಮೇಲೆ ಗಿಡ ಬೆಳೆಸಿದಾರೆ! ಯಾವೂರಿನವರು ಇವರು?” ಅಂತ ಬೈಗುಳ. ಆಗುಂಬೆಯಲ್ಲಿ ದೊಡ್ಡ ಬಸ್ಸು ಬಿಟ್ಟು ಘಟ್ಟ ಇಳಿಯುವ ಸಣ್ಣ ಗಾಡಿಗೆ ಹತ್ತಬೇಕಾಯಿತು. ಹತ್ತು ಜನ ಕೂರುವ ಆ ಗಾಡಿಯಲ್ಲಿ ಹದಿನಾಲ್ಕು ಜನ ಮತ್ತು ಒಂದು ಗುದ್ದಲಿ. ಒಂದೊಂದು ತಿರುವಿಗೂ ಅದರ ಕಾವು ನನ್ನ ಪಕ್ಕೆಗೆ ತಿವಿಯುತ್ತಿತ್ತು. ಅತ್ತೆಗೆ ಥಂಡಿ ಹಿಡಿದು ಮೂಗು ಕಟ್ಟಿತು. ಈ ಮೂಗು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮಂಗಳೂರಲ್ಲಿ ಇಳಿದು ದಣಿದು ನಿಂತಿದ್ದೆವು. ಯಾರೋ ದಪ್ಪ ಮೀಸೆಯವನು ಬಂದು ನಮ್ಮನ್ನೂ ಗುದ್ದಲಿಯನ್ನೂ ನೋಡಿದ.

“ಘಟ್ಟದ ಮೇಲಿನವರಾ? ರಸ್ತೆ ಕೆಲಸ ಉಂಟು. ಗಂಡಾಳು ಎರಡು, ಹೆಣ್ಣಾಳು ಎರಡು. ಬರ್ತೀರಾ?”

ನನಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಮಾವ ಮುಂದೆ ಹೋಗಿ ವಿಚಾರಿಸುತ್ತಿದ್ದರು: “ಮಧ್ಯಾಹ್ನದ ಊಟ ನಿಮ್ಮದೋ, ನಮ್ಮದೋ?”

೩. ಹೆಜ್ಜೆ ಬೀಳದ ಜಾಗ

ಪಟ್ಟಣದ ಹತ್ತಿರದ ಕಡಲತೀರದಲ್ಲಿ ಜನವೋ ಜನ. ದೋಣಿ, ಬುಟ್ಟಿ, ಕೂಗಾಟ. ಅತ್ತೆ ದೂರದಿಂದಲೇ ಸೆರಗು ಎಳೆದುಕೊಂಡರು. ಮಾವ, “ಇದಲ್ಲ, ನಿಮ್ಮ ಜಾಗಕ್ಕೆ ನಡೀರಿ” ಅಂದರು.

ನಾನು ಹಿಂದೆ ಉಳಿದು, ಒಬ್ಬ ಜಟಕಾದವನನ್ನು ಮೆಲ್ಲಗೆ ಕೇಳಿದೆ: “ಯಾರೂ ಹೋಗದ ಕಡಲತೀರ ಯಾವುದಾದ್ರೂ ಇದೆಯಾ? ಅಲ್ಲಿಗೆ ಬಿಡ್ತೀಯಾ?”

“ಯಾರೂ ಹೋಗದ ಕಡೆಗೆ ನಾನು ಯಾಕೆ ಹೋಗುವುದು ಮಾರಾಯ್ರೆ?” ಅಂದು ಕುದುರೆ ತಿರುಗಿಸಿದ.

ನಡೆದೆವು. ತೆಂಗಿನ ತೋಟ, ಮರಳು ದಾರಿ, ಬೇಲಿ, ಮತ್ತೆ ಮರಳು. ಒಂದು ಹೊಳೆಯನ್ನು ದೋಣಿಯಲ್ಲಿ ದಾಟಿದೆವು. ನಾನು ಕವಲು ಬಂದಲ್ಲೆಲ್ಲ ನಿಂತು, ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳುವವನ ಹಾಗೆ ಹಣೆ ಉಜ್ಜಿ, ತೋಚಿದ ಕಡೆ ಕೈ ತೋರಿಸುತ್ತಿದ್ದೆ. ದಾರಿಯಲ್ಲಿ ಒಂದು ಬಾವಿ. ಮುದುಕಿಯೊಬ್ಬಳು ನೀರು ಸೇದುತ್ತಿದ್ದಳು. ಒಂದು ಗಂಟೆ ನಡೆದ ಮೇಲೆ ಇನ್ನೊಂದು ಬಾವಿ, ಅಲ್ಲೂ ಮುದುಕಿ.

“ಈ ಕಡೆ ಎಲ್ಲಾ ಬಾವಿನೂ ಒಂದೇ ನಮೂನೆ ಕಟ್ತಾರೆ,” ಅಂದರು ಮಾವ.

“ಮುದುಕಿಯರನ್ನೂ,” ಅಂದಳು ನಮ್ಮಾಕೆ.

ಮೂರನೇ ಸಲ ಬಂದಾಗ ಮುದುಕಿ ಹಗ್ಗ ಬಿಟ್ಟು ನನ್ನನ್ನೇ ನೋಡಿ ನಕ್ಕಳು. “ಪುನಃ ಬಂದಿರಾ? ಕೂತ್ಕೊಳ್ಳಿ, ನೀರು ಕುಡಿಯಿರಿ.”

ಆಯಿತು, ಸಿಕ್ಕಿಬಿದ್ದೆ ಅಂತ ನಾನು ತಲೆ ತಗ್ಗಿಸಿದೆ. ಮಾವ ಹೆಮ್ಮೆಯಿಂದ ಅತ್ತೆಗೆ ಹೇಳುತ್ತಿದ್ದರು: “ನೋಡಿದ್ಯಾ? ಇಪ್ಪತ್ತು ವರ್ಷ ಆದ್ರೂ ಈ ಊರವರು ಅಳಿಯಂದ್ರನ್ನ ಮರೆತಿಲ್ಲ!”

೪. ಯಾರು ಯಾರನ್ನು ಮುಟ್ಟಿದರು?

ಮುದುಕಿ ತೋರಿಸಿದ ದಾರಿಯಲ್ಲಿ ಹೋದರೆ ಹತ್ತೇ ನಿಮಿಷಕ್ಕೆ ಸಮುದ್ರ ಸಿಕ್ಕಿತು. ಸತ್ಯ ಹೇಳುತ್ತೇನೆ, ನಾನು ಬೆರಗಾಗಿ ನಿಂತೆ. ಕಣ್ಣಿಗೆ ಕಾಣುವಷ್ಟು ದೂರ ಬರೀ ಮರಳು. ನಾವು ನಿಂತ ಕಡೆ ಒಂದು ಹೆಜ್ಜೆ ಗುರುತಿಲ್ಲ. ಒಂದು ಕೊನೆಗೆ ಏಳೆಂಟು ಮೀನುಗಾರರ ಗುಡಿಸಲು, ನೀರಿನಲ್ಲಿ ಒಂದು ಕರಿಬಂಡೆ, ಆಮೇಲೆ ಆಕಾಶದವರೆಗೆ ನೀರೇ ನೀರು. ನಾನು ಹೇಳಿದ ಸುಳ್ಳು ಇಪ್ಪತ್ತು ವರ್ಷದಿಂದ ಇಲ್ಲಿ ನಿಜವಾಗಿ ಬಿದ್ದುಕೊಂಡಿತ್ತು!

ಸಂತೋಷ ತಡೆಯಲಾರದೆ ಪಂಚೆ ಎತ್ತಿ ಕಟ್ಟಿ ಓಡಿದೆ.

“ನಿಲ್ಲಿ!” ಅತ್ತೆಯ ಕೂಗು. “ಇವತ್ತು ತಿಥಿ ಯಾವುದು?”

“ಅಮಾವಾಸ್ಯೆ ಅಲ್ವಾ ಅತ್ತೆ.”

ಅತ್ತೆ ಸೆರಗಿನಿಂದ ಪಂಚಾಂಗ ತೆಗೆದು ಓದಲು ಮಗಳ ಕೈಗೆ ಕೊಟ್ಟರು. ನಾನು ಹೋದ ತಿಂಗಳ ಪುಟ ನೋಡಿ ದಿನ ಗೊತ್ತುಮಾಡಿದ್ದೆ. ಅವತ್ತು ಚತುರ್ದಶಿ. ಅಮಾವಾಸ್ಯೆ ನಾಳೆ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟು ಸಮುದ್ರ ಮುಟ್ಟಬಾರದು, ಮುಟ್ಟಿದರೆ ಪಾಪ. ಎರಡು ದಿನ ಬಸ್ಸಿನಲ್ಲಿ ಮೈ ಮುರಿದುಕೊಂಡು ಬಂದ ನಾವು ನಾಲ್ವರೂ ಸಮುದ್ರದ ಎದುರು ಸಾಲಾಗಿ ಕೂತು ಅವಲಕ್ಕಿ ತಿಂದೆವು. ಅಲೆ ಬಂದಾಗ ಗಂಟುಮೂಟೆ ಎತ್ತಿಕೊಂಡು ಹಿಂದಕ್ಕೆ ಓಡುವುದು, ಹೋದಾಗ ಮುಂದೆ ಬಂದು ಕೂರುವುದು. ಹಲ್ಲು ಕಡಿದುಕೊಂಡು ಹತ್ತು ಸಲ ಓಡಿರಬೇಕು. ಹನ್ನೊಂದನೇ ಸಲ ಬೇಸತ್ತು ಕೂತಲ್ಲೇ ಕೂತೆ. ಅಲೆ ಬಂದು ನನ್ನ ಎರಡೂ ಪಾದ ನೆನೆಸಿ ಹೋಯಿತು.

ಅತ್ತೆ ಹೌಹಾರಿ ಹತ್ತಿರ ಬಂದರು. “ನೀವು ಅದನ್ನ ಮುಟ್ಟಿದ್ರೋ, ಅದು ನಿಮ್ಮನ್ನ ಮುಟ್ತೋ?”

“ಅದೇ ಬಂದು ಮುಟ್ತು ಅತ್ತೆ.”

ಅತ್ತೆ ನನ್ನ ಪಾದ ನೋಡಿ ತೀರ್ಪು ಕೊಟ್ಟರು: “ಹಾಗಾದ್ರೆ ಪಾಪ ಅದಕ್ಕೆ.”

ಮಾವ ಇಷ್ಟು ಹೊತ್ತೂ ಸಮುದ್ರವನ್ನು ಈ ಕೊನೆಯಿಂದ ಆ ಕೊನೆಗೆ ಅಳೆಯುವವರಂತೆ ನೋಡುತ್ತಿದ್ದರು. “ಅಲ್ಲ ಅಳಿಯಂದ್ರೇ, ಇದರ ಕೋಡಿ ಎಲ್ಲಿ? ತೂಬು ಎಲ್ಲಿ?” ತೂಬಿಲ್ಲ ಅಂದರೆ ಯಾಕಿಲ್ಲ ಅಂತ ಸಂಜೆವರೆಗೆ ಪ್ರಾಣ ತಿನ್ನುತ್ತಾರೆ. ನಾನು ಸುಮ್ಮನೆ ಆ ಕರಿಬಂಡೆ ತೋರಿಸಿದೆ. “ಅದರ ಬುಡದಲ್ಲೇ ಇದೆ ಮಾವ. ಆಗ ನಾನೇ ಮುಳುಗಿ ಮುಟ್ಟಿ ನೋಡಿದೀನಿ.”

ಮಾವನಿಗೆ ಸಮಾಧಾನವಾಯಿತು. ನಮ್ಮಾಕೆ ಮಾತ್ರ ಮೆಲ್ಲಗೆ, “ಬಿತ್ತನೆ ಆಯ್ತು,” ಅಂದಳು.

೫. ಸಂಡಿಗೆ

ಗುಡಿಸಲ ಹತ್ತಿರ ಮರಳಿನ ಮೇಲೆ ಚಾಪೆ ಹಾಸಿ ಏನೋ ಹರವಿದ್ದರು. ಅತ್ತೆಗೆ ಕಣ್ಣು ಮಂಜು, ಮೂಗಂತೂ ಘಟ್ಟದಲ್ಲೇ ಕಟ್ಟಿತ್ತು.

“ಅದೇನು ಅಳಿಯಂದ್ರೇ, ಬೆಳ್ಳಗೆ ಒಣಹಾಕಿದಾರಲ್ಲ?”

ನನಗೋ ಚೇಷ್ಟೆ. “ಸಂಡಿಗೆ ಅತ್ತೆ.”

“ಅಯ್ಯೋ, ಇಷ್ಟೊಂದಾ! ಎಷ್ಟು ದೊಡ್ಡ ಸಂಸಾರವೋ! ಕಾಗೆ ಕಾಯೋರೇ ಇಲ್ವಲ್ಲ!”

ನಾನು ತಡೆಯುವುದರೊಳಗೆ ಅತ್ತೆ ಒಂದು ತೆಂಗಿನ ಗರಿ ಎಳೆದುಕೊಂಡು ಹೋಗಿ ಚಾಪೆ ಪಕ್ಕ ಕೂತುಬಿಟ್ಟರು. ಸಂಡಿಗೆ ಕಾಯದ ಬೇಸಿಗೆಯನ್ನೇ ಕಾಣದ ಹೆಂಗಸು. ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ “ಹುಶ್! ಹುಶ್!” ಅಂತ ಒಂದು ಕಾಗೆಯನ್ನೂ ಬಿಡಲಿಲ್ಲ. ನಿಜ ಹೇಳಲು ಹೋದರೆ ನನ್ನ ಗತಿ ಏನು? ದೂರದಲ್ಲಿ ಕೂತು ಉಗುರು ಕಚ್ಚುತ್ತಿದ್ದೆ.

ಸಂಜೆ ಆ ಚಾಪೆಯ ಒಡತಿ ಬಂದಳು. ಇಂಥಾ ಸೇವೆ ಮಾಡಿದ ಪುಣ್ಯಾತ್ಗಿತ್ತಿಯನ್ನು ನೋಡಿ ಅವಳಿಗೆ ಎದೆ ತುಂಬಿ ಬಂತು. “ನಮ್ಮ ಮನೆಯ ಸೊಸೆಯಂದಿರೂ ಹೀಗೆ ಕಾಯುವುದಿಲ್ಲಮ್ಮ!” ಅನ್ನುತ್ತಾ ಎರಡು ಬೊಗಸೆ ಎತ್ತಿ ಅತ್ತೆಯ ಮಡಿಲಿಗೆ ತುಂಬಿದಳು. ಅತ್ತೆ ಒಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು.

ಸಂಡಿಗೆಗೂ ಎರಡು ಕಣ್ಣಿದ್ದವು.

ಅತ್ತೆ ಮಡಿಲನ್ನು ಅಲ್ಲೇ ಕೊಡವಿದರು. ಎದ್ದವರೇ, “ಸ್ನಾನ ಆಗಬೇಕು, ಈಗಲೇ,” ಅಂದರು. ಎದುರಿಗೆ ಲೋಕದ ನೀರೆಲ್ಲ ಬಿದ್ದಿತ್ತು. ಮುಟ್ಟುವ ಹಾಗಿಲ್ಲ, ಚತುರ್ದಶಿ! ನಾನು ಆ ಮುದುಕಿಯ ಬಾವಿಗೆ ಹೋಗಿ ನಾಲ್ಕು ಕೊಡ ನೀರು ಹೊತ್ತು ತಂದೆ.

ಮುದುಕಿ ನೀರು ಸೇದಿ ಕೊಟ್ಟಳು. “ಪುನಃ ಬಂದಿರಾ?” ಅಂದಳು, ಅಷ್ಟೇ.

೬. ತೂಬು ತೆಗೆದದ್ದು

ರಾತ್ರಿ ಆ ಮುದುಕಿಯ ಜಗಲಿಯಲ್ಲೇ ಮಲಗಿ, ಅಮಾವಾಸ್ಯೆ ಬೆಳಿಗ್ಗೆ ಮತ್ತೆ ತೀರಕ್ಕೆ ಹೋದೆವು. ಅತ್ತೆ ಸಮುದ್ರಕ್ಕೆ ಅರಿಶಿನ ಕುಂಕುಮ ಬಿಟ್ಟು ಮೂರು ಮುಳುಗು ಹಾಕಿ, ಕೂಸಿನ ಹಾಗೆ ನಗುತ್ತಾ ಬಂದರು. ಸಂಡಿಗೆಯ ಸಿಟ್ಟೂ ತೊಳೆದುಹೋಗಿತ್ತು. ಹರಕೆ ತೀರಿತು. ಇನ್ನೇನು ಗಂಟು ಕಟ್ಟಿ ಹೊರಡಬೇಕು, ನನ್ನ ಮಾನ ಉಳಿಯಿತು ಅನ್ನುವಷ್ಟರಲ್ಲಿ ಮಾವ ಓಡಿ ಬಂದರು.

ಬೆಳಿಗ್ಗೆ ಬಂದ ಕೂಡಲೇ ಅವರು ತಮ್ಮ ಕೆರೆ ಅಭ್ಯಾಸದಂತೆ ನೀರಿನ ಅಂಚಿಗೆ ಒಂದು ಗೂಟ ಹುಗಿದಿದ್ದರು. ಅದು ಮುಳುಗಿತು. ಹಿಂದೆ ಇನ್ನೊಂದು ಹುಗಿದರು, ಅದೂ ಮುಳುಗಿತು. ಈಗ ಮೂರನೆಯದರ ಬುಡಕ್ಕೆ ನೀರು ಬಂದಿತ್ತು.

“ಮಳೆ ಇಲ್ಲ, ಮೋಡ ಇಲ್ಲ, ನೀರು ಏರ್ತಾ ಇದೆ! ಅಳಿಯಂದ್ರೇ, ಇದು ಒಡೀತದೆ!”

ಅಂದವರೇ ಗುದ್ದಲಿ ಹೆಗಲಿಗೆ ಹಾಕಿ, “ಏರಿ ಒಡೀತದೆ, ಹೊರಗೆ ಬರ್ರೋ!” ಅಂತ ಕೂಗುತ್ತಾ ಗುಡಿಸಲುಗಳ ಕಡೆ ಓಡಿದರು. ರಾತ್ರಿಯೆಲ್ಲ ಮೀನು ಹಿಡಿದು ಬಂದು ನಿದ್ದೆ ಮಾಡುತ್ತಿದ್ದ ಮೀನುಗಾರರೆಲ್ಲ ಎದ್ದು ಬಂದರು. ಮಾವ ಆಗಲೇ ಅವರ ಗುಡಿಸಲ ಮುಂದೆ ಮರಳು ಎಳೆದು ಒಡ್ಡು ಹಾಕುತ್ತಿದ್ದರು.

ಒಬ್ಬ ಹಿರಿಯ ಮೀನುಗಾರ ಹತ್ತಿರ ಬಂದ. “ಅದು ಬರ್ತದೆ, ಹೋಗ್ತದೆ ಮಾರಾಯ್ರೆ. ನಮ್ಮ ಅಜ್ಜನ ಕಾಲದಿಂದಲೂ ಹಾಗೇ.”

“ತಾನಾಗಿ ಹೋಗ್ತದಾ? ತೂಬು ತೆಗೀದೆ ನೀರು ಇಳಿದದ್ದನ್ನ ಅರವತ್ತು ವರ್ಷದಲ್ಲಿ ನಾನು ನೋಡಿಲ್ಲ! ಇಷ್ಟು ನೀರು ಇಟ್ಕಂಡು ತೂಬು ನೋಡ್ಕಳಕ್ಕೆ ಒಬ್ಬ ನೀರುಗಂಟಿ ಇಲ್ವಲ್ರೋ ನಿಮ್ಮೂರಲ್ಲಿ!”

ಸಂಡಿಗೆಯ ಒಡತಿ ಅತ್ತೆಯ ಕಿವಿಯಲ್ಲಿ, “ನಿಮ್ಮ ಯಜಮಾನರಿಗೆ ಬಿಸಿಲು ತಾಗಿತಾ?” ಅಂದಳು.

ಮಾವ ಗುದ್ದಲಿ ನೆಟ್ಟು ನನ್ನ ಕಡೆ ತಿರುಗಿದರು. “ಅಳಿಯಂದ್ರೇ, ಇಳೀರಿ. ಆ ಬಂಡೆ ಬುಡದ ತೂಬು ತೆಗೀರಿ.”

“ಮಾವ, ಈಗ ತಾನೇ ಅವಲಕ್ಕಿ ತಿಂದಿದೀನಿ…”

“ಇಳೀರಿ!”

“ಅದು ಸರ್ಕಾರದ ತೂಬು ಮಾವ. ಅಪ್ಪಣೆ ಇಲ್ದೆ…”

“ಅರ್ಜಿ ಕೊಟ್ಟು ಕಾಯೋ ಹೊತ್ತಾ ಇದು?” ಮಾವ ಗುಡಿಸಲುಗಳ ಕಡೆ ಕೈ ತೋರಿಸಿದರು. “ಈ ಬಡವರ ಮನೆ ಹೋಗ್ತದೆ. ಈಜು ಬಲ್ಲೋರು ಅಂತ ತಾನೇ ನಿಮ್ಮನ್ನ ನಂಬಿ ಮಗಳನ್ನ ಕೊಟ್ಟದ್ದು?”

ನಮ್ಮಾಕೆಯನ್ನು ನೋಡಿದೆ. ಅವಳು ಕೈ ಚಾಚಿದಳು. “ಅಂಗಿ ಕೊಡ್ರೀ, ಒದ್ದೆ ಆಗ್ತದೆ.”

ಇಳಿದೆ. ಮೊಣಕಾಲಿನವರೆಗೆ ನೀರು. ತೊಡೆಯವರೆಗೆ. ದೇವರಾಣೆಗೂ ಆ ಕ್ಷಣ ನಿಜ ಹೇಳಿಬಿಡೋಣ ಅಂತ ನಿಶ್ಚಯಿಸಿದೆ. ತುಪ್ಪ ಹೋದರೆ ಹೋಗಲಿ, ಪ್ರಾಣ ಉಳಿದರೆ ಒಣ ಹೋಳಿಗೆ ತಿಂದೇನು. ದಡದ ಕಡೆ ತಿರುಗಿ, “ಮಾವ, ನಾನು ಹೇಳಿದ್ದೆಲ್ಲ…” ಅಂತ ಬಾಯಿ ತೆರೆದೆ. ತೆರೆದ ಬಾಯಿಗೆ ಹಿಂದಿನಿಂದ ಅಲೆ ಬಂದು ತುಂಬಿತು. ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ಹೇಳಲು ಹೊರಟವನಿಗೆ ಆದ ಗತಿ ಇದು.

ಆಮೇಲೆ ಆಕಾಶ ಕೆಳಗೆ, ಮರಳು ಮೇಲೆ. ಎಷ್ಟು ಉರುಳಿದೆನೋ ಗೊತ್ತಿಲ್ಲ. ಆ ಹಿರಿಯ ಮೀನುಗಾರ ನನ್ನ ಜುಟ್ಟು ಹಿಡಿದು ದಡಕ್ಕೆ ಎಳೆದು ಹಾಕಿದ. ಪಂಚೆ ಅರಬ್ಬೀ ಸಮುದ್ರಕ್ಕೆ ಸಂದಿತ್ತು. ನಮ್ಮಾಕೆ ಟವೆಲು ಎಸೆದಳು.

ಮಾವ ನನ್ನ ಮೇಲೆ ಬಗ್ಗಿದರು. “ಸಿಕ್ತಾ?”

ಬಾಯಿ ತುಂಬ ಉಪ್ಪುನೀರು. ಕಿವಿಯ ನೀರು ಹೋಗಲೆಂದು ತಲೆ ಅಲ್ಲಾಡಿಸಿದೆ.

“ಸಿಕ್ತಂತೆ! ತೆಗೆದ್ರಂತೆ!”

ಎಲ್ಲರೂ ಗೂಟ ನೋಡುತ್ತಾ ಕೂತರು. ಅಮಾವಾಸ್ಯೆಯ ಉಬ್ಬರ ಅಷ್ಟರಲ್ಲಿ ತನ್ನಷ್ಟಕ್ಕೆ ಮುಗಿದು ಇಳಿತ ಶುರುವಾಗಿತ್ತು. ಅರ್ಧ ಗಂಟೆಗೆ ಮೂರನೇ ಗೂಟ ಒಣಗಿ ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಎರಡನೆಯದು ತಲೆ ಎತ್ತಿತು. ಮಾವನ ಕಣ್ಣಲ್ಲಿ ನೀರು. ಮೀನುಗಾರನ ಹೆಗಲ ಮೇಲೆ ಕೈಯಿಟ್ಟು, “ಇನ್ನು ಮೇಲಾದ್ರೂ ವರ್ಷಕ್ಕೊಂದು ಸಲ ಹೂಳು ತೆಗೆಸ್ರಪ್ಪ,” ಅಂದರು.

ಆತ ನನ್ನನ್ನು ನೋಡಿದ. ನಾನು ಆತನನ್ನು ನೋಡಿದೆ. ಕಸುಬುದಾರನಿಗೆ ಕಸುಬುದಾರನ ಗುರುತು ಸಿಗದೆ ಹೋಗುವುದಿಲ್ಲ.

“ನಮ್ಮಿಂದ ಆಗುವ ಕೆಲಸವಾ ಅದು?” ಅಂತ ಕೈ ಮುಗಿದ. “ನಿಮ್ಮ ಅಳಿಯನನ್ನೇ ಕಳಿಸಿಕೊಡಿ.”

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ಇಷ್ಟು ಗೋಳು ಹೇಳಿಕೊಳ್ಳುತ್ತಿರಲಿಲ್ಲ. ಮಾವ ಊರಿಗೆ ಹೋಗಿ ಹೇಳಿದರು: ಕೆರೆಗೆ ಕರೆದರೆ ಅಳಿಯಂದ್ರಿಗೆ ಅವಮಾನ ಅಂದುಕೊಂಡಿದ್ದೆ, ಪಾಪ, ಕರೆದರೆ ಸಾಕು, ಉಟ್ಟ ಬಟ್ಟೆಯ ಹಂಗೂ ಇಲ್ಲದೆ ಇಳೀತಾರೆ! ಅಲ್ಲಿಂದ ಶುರುವಾಯಿತು. ಯಾವ ಊರಿನ ತೂಬು ಕಟ್ಟಿಕೊಂಡರೂ ಗಾಡಿ ಬರುವುದು ನಮ್ಮ ಮನೆಗೆ. ಅಂಬ್ಲಿಗೊಳದ ದೊಡ್ಡ ಅಣೆಕಟ್ಟಿನವರೂ ಹೇಳಿಕಳಿಸಿದ್ದಾರೆ. ಒಂದು ಸಲ ಜ್ವರ ಅಂದೆ, ಒಂದು ಸಲ ಗ್ರಹಣ ಅಂದೆ, ಒಂದು ಸಲ ಮಾವನೇ ತೀರಿಕೊಂಡರು ಅಂದೆ. ಆವತ್ತು ಗಾಡಿ ಹೊಡೆದುಕೊಂಡು ಬಂದವರು ಮಾವನೇ.

ಅಗೋ, ಗೆಜ್ಜೆ ಸದ್ದು ಕೇಳಿಸಿತಾ? ಪೂರ್ತಿ ತಿರುಗಬೇಡಿ, ಓರೆಗಣ್ಣಲ್ಲಿ ನೋಡಿ. ಎಡಗಡೆಯ ಎತ್ತಿಗೆ ಮುರಿದ ಕೊಂಬು ಇದೆಯೋ ಇಲ್ಲವೋ, ಅಷ್ಟು ಹೇಳಿ. ಇದೆಯಾ? ಹಾಗಾದರೆ ಹೊಸಬಾಳೆಯದೇ. ನಾನು ಈ ಹೋಟೆಲಿನ ಅಡಿಗೆಮನೆ ಬಾಗಿಲಿಂದ ಹೊರಟೆ. ಕೇಳಿದರೆ ಸಮುದ್ರದ ಕಡೆ ಹೋದ ಅಂತ ಹೇಳಿಬಿಡಿ, ನಂಬುತ್ತಾರೆ. ಮತ್ತೆ, ಈ ಚಾ ದುಡ್ಡು ನೀವೇ ಕೊಟ್ಟುಬಿಡಿ. ಎರಡು ಚಾ. ಮೊದಲನೆಯದು ನೀವು ಬರುವ ಮುಂಚೆ ಕುಡಿದದ್ದು. ಇದು ಮಾತ್ರ ನಿಜ.